ಹುಬ್ಬಳ್ಳಿಯಲ್ಲಿ ಹುಟ್ಟಿದ ಕೊಲ್ಹಾಪುರದ ಕಂಪನಿ



ಉತ್ತೂರಿನ ಬಸ್ ಸ್ಟ್ಯಾಂಡಿನಲ್ಲೋ ಗಡಹಿಂಗ್ಲಜದ ಕಾಲೇಜಿನ ಮುಂದೋ ನಿಂತ ಹುಡುಗರನ್ನು ನೀವು ನೋಡಿರುತ್ತೀರಿ. ಅಂಗಿಯ ಎದೆಯ ಮೇಲೆ ಯಾವುದೋ ಪರದೇಶದ ಹಾಡುಗಾರರ ತಂಡದ ಹೆಸರಿರುತ್ತದೆ. ಅಂಥ ತಂಡಗಳಲ್ಲಿ ಐರ್ಲೆಂಡಿನ 'ಯೂ-ಟೂ' ಒಂದು. 1976ರಲ್ಲಿ ಡಬ್ಲಿನ್ ಶಹರದ ಒಂದು ಶಾಲೆಯ ಹುಡುಗರು ಕೂಡಿ ಕಟ್ಟಿದ ತಂಡ ಅದು. 2019ರ ಡಿಸೆಂಬರ್ 15ರಂದು ನವಿ ಮುಂಬಯಿಯ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ ಅವರು ಹಾಡಿದರು. ಅಭಿಮಾನಿಗಳಿಗೆ ಆ ತಂಡದ ಜಾತಕವೇ ಬಾಯಿಪಾಠ. ಯಾರು ಡ್ರಮ್ ಬಾರಿಸುತ್ತಾರೆ, ಯಾವ ಹಾಡು ಯಾವ ವರ್ಷದ್ದು, ಎಲ್ಲವನ್ನೂ ಹೇಳುತ್ತಾರೆ.

ಇದರಲ್ಲಿ ತಪ್ಪೇನೂ ಇಲ್ಲ. ಹುಚ್ಚು ಹಿಡಿಸುವುದೇ ಹಾಡಿನ ಗುಣ. ಆದರೆ ನಿಮ್ಮನ್ನು ಒಂದು ಮಾತು ಕೇಳಬೇಕಾಗಿದೆ. ನಮ್ಮ ಮುತ್ತಜ್ಜಂದಿರಿಗೆ ಹೀಗೆಯೇ ಹುಚ್ಚು ಹಿಡಿಸಿದ ತಂಡಗಳು ಇದೇ ಸೀಮೆಯಲ್ಲಿ ಇದ್ದವು. ಅವು ಎಲ್ಲಿ ಹುಟ್ಟಿದವು, ಯಾರು ಹಾಡಿದರು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಗೊತ್ತಿಲ್ಲದ ಕಾರಣಕ್ಕೇ ನಮ್ಮ ಕಡೆ ಎರಡು ಮಾತು ಕಿವಿಗೆ ಬೀಳುತ್ತವೆ. ನಾಟ್ಯಸಂಗೀತವೆಂದರೆ ಮರಾಠಿಯವರ ಸೊತ್ತು, ಕನ್ನಡದವರಿಗೆ ಅದರ ಗೊಡವೆ ಏಕೆ ಎಂಬುದು ಒಂದು. ಮರಾಠಿ ನಾಟಕ ಬಂದು ನಮ್ಮ ಬಯಲಾಟವನ್ನು ನುಂಗಿತು ಎಂಬುದು ಇನ್ನೊಂದು. ಇವೆರಡೂ ಅರ್ಧ ಮಾತುಗಳು. ಪೂರ್ಣ ಮಾತು ಏನೆಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ. ಅಭಿಮಾನಿಗಳಿಗೊಂದು ಕೈಪಿಡಿ ಎಂದೇ ಇದನ್ನು ತಿಳಿಯಿರಿ.

ಮೊದಲು ಸಾಂಗಲಿಗೆ ಹೋಗೋಣ. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿ ಕಡೆಯ ಭಾಗವತರ ಮೇಳವೊಂದು ಸಾಂಗಲಿ ಸಂಸ್ಥಾನಕ್ಕೆ ಬಂದು ಆಟವಾಡಿತು. ನಾವು ಯಕ್ಷಗಾನ ಎನ್ನುತ್ತೇವಲ್ಲ, ಅದೇ ಆಟ. ಸಂಸ್ಥಾನಿಕರಾದ ಚಿಂತಾಮಣರಾವ್ ಪಟವರ್ಧನರು ಅದನ್ನು ನೋಡಿ ಮೆಚ್ಚಿದರು. ಇಂಥದ್ದೇ ಆಟ ಮರಾಠಿಯಲ್ಲಿಯೂ ಆಗಬೇಕೆಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು ಭಾವೆಯವರ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿ ರಂಗಭೂಮಿ ದಿನವೆಂದು ನವೆಂಬರ್ 5ನ್ನು ಆಚರಿಸುವುದು ಇದೇ ನೆನಪಿಗೆ. ಕನ್ನಡದ ಕರಾವಳಿಯ ಬೀಜ ಕೃಷ್ಣಾ ನದಿಯ ದಂಡೆಯಲ್ಲಿ ಮರಾಠಿಯ ಬೆಳೆಯಾಯಿತು.

ಮುಂದಿನ ಹೆಸರು ಅಣ್ಣಾಸಾಹೇಬ ಕಿರ್ಲೋಸ್ಕರ. ಮರಾಠಿ ಸಂಗೀತ ನಾಟಕದ ಜನಕರೆಂದು ಅವರನ್ನು ಕರೆಯುತ್ತಾರೆ. ಅವರು 1843ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1885ರಲ್ಲಿ ಕಣ್ಣು ಮುಚ್ಚಿದ್ದೂ ಅಲ್ಲಿಯೇ. 1880ರಲ್ಲಿ ಪುಣೆಯಲ್ಲಿ ಅವರ 'ಶಾಕುಂತಲ', 1882ರಲ್ಲಿ 'ಸೌಭದ್ರ' ರಂಗಕ್ಕೆ ಬಂದವು. ಅದುವರೆಗೆ ಸೂತ್ರಧಾರನೇ ಹಾಡುತ್ತಿದ್ದ. ಕಿರ್ಲೋಸ್ಕರರು ಪಾತ್ರಧಾರಿಗಳ ಬಾಯಿಂದಲೇ ಪದ ಹಾಡಿಸಿದರು. ಆಡುತ್ತ ಆಡುತ್ತ ಮಾತು ಹಾಡಾಗುವ ಆ ಹೊಸ ಸೊಗಸಿಗೆ ಜನ ಮರುಳಾದರು.

ನಿಮ್ಮ ಮನೆಯ ಅಟ್ಟದ ಮೇಲೆ, ಅಜ್ಜನ ಟ್ರಂಕಿನಲ್ಲಿ ಹಳೆಯ ಮರಾಠಿ ನಾಟಕದ ಪುಸ್ತಕವಿದ್ದರೆ ತೆಗೆದು ನೋಡಿ. ಪ್ರತಿಯೊಂದು ಪದದ ತಲೆಯ ಮೇಲೆ 'ಚಾಲ' ಎಂದು ಬರೆದು, ಯಾವ ಹಾಡಿನ ಧಾಟಿಯಲ್ಲಿ ಇದನ್ನು ಹಾಡಬೇಕೆಂದು ಸೂಚಿಸಿರುತ್ತಾರೆ. ಸಾಕಿ, ದಿಂಡಿ, ಲಾವಣಿಗಳ ಜೊತೆಗೆ ಅಲ್ಲಲ್ಲಿ ಕನ್ನಡದ ಧಾಟಿಯೂ ಅಲ್ಲಿ ಕಾಣಿಸುತ್ತದೆ. ಮಾತು ಮರಾಠಿ, ಮಟ್ಟು ಕನ್ನಡ. ಎರಡು ಭಾಷೆಯ ಮನೆಯಲ್ಲಿ ಬೆಳೆದ ನಮಗೆ ಇದು ಹೊಸದೇನಲ್ಲ. ನಮ್ಮ ತಾಯಂದಿರು ಬೀಸುವಾಗ ಒಂದು ಭಾಷೆ, ತೊಟ್ಟಿಲು ತೂಗುವಾಗ ಇನ್ನೊಂದು ಭಾಷೆ ಹಾಡಿದವರೇ.

ಇತ್ತ ಕನ್ನಡದವರು ಸುಮ್ಮನೆ ಕುಳಿತರೇ? ಇಲ್ಲ. ಮರಾಠಿ ಕಂಪನಿಗಳು ಧಾರವಾಡ, ಹುಬ್ಬಳ್ಳಿ, ಗದಗಿಗೆ ಬಂದು ತಿಂಗಳುಗಟ್ಟಲೆ ಡೇರೆ ಹಾಕಿದಾಗ ಅಲ್ಲಿಯ ಜನರ ಅಭಿಮಾನ ಕೆರಳಿತು. ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಶಾಲೆಯ ಮಾಸ್ತರರಾಗಿದ್ದವರು. 1870ರ ದಶಕದಲ್ಲಿ ಗದಗಿನಲ್ಲಿ ನಾಟಕ ಮಂಡಳಿ ಕಟ್ಟಿ, ತಾವೇ 'ಉಷಾಹರಣ'ದಂಥ ಕನ್ನಡ ನಾಟಕಗಳನ್ನು ಬರೆದು ಆಡಿಸಿದರು. ಕರಾವಳಿಯಿಂದ ಸಾಂಗಲಿಗೆ ಹೋದದ್ದು ಗದಗಿನಲ್ಲಿ ಮತ್ತೆ ಕನ್ನಡವಾಯಿತು. ಹೋದದ್ದು ಬಡ್ಡಿ ಸಮೇತ ಬಂತು ಎನ್ನಿ.

ಈಗ ನಮ್ಮ ಕಥೆಯ ನಾಯಕನ ಕಡೆಗೆ ಬರೋಣ. ಕೇಶವರಾವ್ ಭೋಸಲೆಯವರು ಹುಟ್ಟಿದ್ದು ಕೊಲ್ಹಾಪುರದಲ್ಲಿ, 1890ರ ಆಗಸ್ಟ್ 9ರಂದು. ಚಿಕ್ಕ ಹುಡುಗನಿದ್ದಾಗಲೇ 'ಸ್ವದೇಶಹಿತಚಿಂತಕ' ಎಂಬ ನಾಟಕ ಮಂಡಳಿ ಸೇರಿದರು. ಆಗ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುವ ಕಾಲ. ಗೋವಿಂದ ಬಲ್ಲಾಳ ದೇವಲರ 'ಶಾರದಾ' ನಾಟಕ ಮುದುಕನಿಗೆ ಎಳೆಯ ಹುಡುಗಿಯನ್ನು ಕೊಟ್ಟು ಮದುವೆ ಮಾಡುವ ಕೆಟ್ಟ ಪದ್ಧತಿಯ ಮೇಲೆ ಬರೆದದ್ದು. ಅದರಲ್ಲಿ ಶಾರದೆಯ ಪಾತ್ರ ಮಾಡಿ ಹುಡುಗ ಕೇಶವ ಜನರ ಕಣ್ಣಲ್ಲಿ ನೀರು ತರಿಸಿದ.

ಹದಿನೇಳನೆಯ ವಯಸ್ಸಿಗೆ ಅವರು ಸ್ವಂತ ಕಂಪನಿ ಕಟ್ಟಿದರು. ಹೆಸರು 'ಲಲಿತಕಲಾದರ್ಶ'. ದಿನ 1908ರ ಜನವರಿ 1. ಊರು ಯಾವುದು ಗೊತ್ತೇ? ಹುಬ್ಬಳ್ಳಿ! ಮರಾಠಿ ರಂಗಭೂಮಿಯ ಪ್ರಸಿದ್ಧ ಕಂಪನಿಗಳಲ್ಲಿ ಒಂದು ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಇದನ್ನು ಕೇಳಿ ಕೆಲವರು ಹುಬ್ಬೇರಿಸಬಹುದು. ಆ ಕಾಲವನ್ನು ನೆನೆದರೆ ಇದರಲ್ಲಿ ಸೋಜಿಗವಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೆಲ್ಲ ಆಗ ಮುಂಬಯಿ ಇಲಾಖೆಗೆ ಸೇರಿದ್ದವು. ಪುಣೆಯಿಂದ ಮಿರಜ, ಬೆಳಗಾವಿ, ಲೋಂಡಾ ಮೇಲೆ ಹಾದು ಬರುವ ರೈಲು ಆಗಲೇ ಓಡುತ್ತಿತ್ತು. ಪರದೆ, ಪೆಟ್ಟಿಗೆ, ಅಡಿಗೆಯ ಪಾತ್ರೆಗಳ ಸಮೇತ ಇಡೀ ಕಂಪನಿ ರೈಲು ಹತ್ತಿ ಊರಿಂದ ಊರಿಗೆ ಹೋಗಬಹುದಿತ್ತು. ಹುಬ್ಬಳ್ಳಿಯಲ್ಲಿ ಹತ್ತಿಯ ಪೇಟೆಯಿತ್ತು, ರೈಲ್ವೆಯ ಕಾರಖಾನೆಯಿತ್ತು, ಕೈಯಲ್ಲಿ ಕಾಸಿದ್ದ ಜನರಿದ್ದರು. ಅವರಿಗೆ ಎರಡೂ ಭಾಷೆ ತಿಳಿಯುತ್ತಿತ್ತು.

ಕೇಶವರಾವ್ ಅವರ ಕಂಠ ಎತ್ತರದ್ದು, ಚುರುಕಾದದ್ದು. ರಾಮಕೃಷ್ಣಬುವಾ ವಝೆಯವರಂಥ ದೊಡ್ಡ ಗವಾಯಿಗಳು ಅವರಿಗೆ ಪಾಠ ಹೇಳಿದರು, ಕಂಪನಿಯ ನಾಟಕಗಳಿಗೆ ರಾಗ ಹಾಕಿದರು. ಕಂಪನಿ ಬರೀ ಪುರಾಣಕ್ಕೆ ಕಟ್ಟುಬೀಳಲಿಲ್ಲ. ಮಾಮಾ ವರೇರಕರರಿಂದ ವರದಕ್ಷಿಣೆಯ ಮೇಲೆ 'ಹಾಚ್ ಮುಲಾಚಾ ಬಾಪ್', ಮತಾಂತರದ ಪ್ರಶ್ನೆಯ ಮೇಲೆ 'ಸಂನ್ಯಾಶಾಚಾ ಸಂಸಾರ' ಬರೆಯಿಸಿ ಆಡಿತು.

ಅದೇ ಕಾಲದಲ್ಲಿ ಇನ್ನೊಂದು ಕಡೆ ಬಾಲಗಂಧರ್ವರ ಹೆಸರು ಮನೆಮಾತಾಗಿತ್ತು. ಅವರು ಉಟ್ಟ ಸೀರೆಯ ರೀತಿ, ಮುಡಿದ ಹೂವಿನ ರೀತಿಯನ್ನು ಶ್ರೀಮಂತರ ಮನೆಯ ಹೆಂಗಸರು ಅನುಕರಿಸುತ್ತಿದ್ದರು. ಪ್ರೇಕ್ಷಕರಲ್ಲಿ ಎರಡು ಪಕ್ಷಗಳಾದವು. ಒಬ್ಬರಿಗೆ ಬಾಲಗಂಧರ್ವರ ಬೆಣ್ಣೆಯಂಥ ಆಲಾಪ ಬೇಕು, ಇನ್ನೊಬ್ಬರಿಗೆ ಕೇಶವರಾವ್ ಅವರ ಮಿಂಚಿನಂಥ ತಾನು ಬೇಕು. ಪದ ಮುಗಿದೊಡನೆ 'ವನ್ಸ್ ಮೋರ್' ಎಂಬ ಕೂಗು. ಇಂಗ್ಲಿಷ್ ಬಾರದವರೂ ಬಲ್ಲ ಇಂಗ್ಲಿಷ್ ಮಾತೆಂದರೆ ಅದೇ.

ಈ ಇಬ್ಬರು ಒಂದೇ ರಂಗದ ಮೇಲೆ ಬಂದರೆ? 1921ರ ಜುಲೈ 8ರಂದು ಮುಂಬಯಿಯಲ್ಲಿ ಅದೂ ನಡೆಯಿತು. ತಿಲಕ ಸ್ವರಾಜ್ಯ ನಿಧಿಗೆ ಹಣ ಕೂಡಿಸಲು ಎರಡೂ ಕಂಪನಿಗಳು ಕೂಡಿ, ಖಾಡಿಲಕರರ 'ಮಾನಾಪಮಾನ' ಆಡಿದವು. ಬಾಲಗಂಧರ್ವರು ಭಾಮಿನಿ, ಕೇಶವರಾವ್ ಧೈರ್ಯಧರ. 'ಸಂಯುಕ್ತ ಮಾನಾಪಮಾನ' ಎಂದು ಅದು ಇತಿಹಾಸದಲ್ಲಿ ಉಳಿಯಿತು. ಆ ನಾಟಕಕ್ಕೆ ಮೊದಲು ರಾಗ ಹಾಕಿದ ಗೋವಿಂದರಾವ್ ಟೆಂಬೆಯವರೂ ಕೊಲ್ಹಾಪುರದ ಕಡೆಯವರೇ. ಆದರೆ ವಿಧಿ ನೋಡಿ. ಮೂರು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 4ರಂದು, ಕೇಶವರಾವ್ ತೀರಿಕೊಂಡರು. ವಯಸ್ಸು ಬರೀ ಮೂವತ್ತೊಂದು. ಕಂಪನಿಯ ಭಾರವನ್ನು ಬಾಪೂರಾವ್ ಪೆಂಢಾರಕರ ಹೊತ್ತರು, ಅವರ ನಂತರ ಮಗ ಭಾಲಚಂದ್ರ ಪೆಂಢಾರಕರ ಮುಂದುವರಿಸಿದರು.

ಇನ್ನು ನಮ್ಮ ಕನ್ನಡದ ಗವಾಯಿಗಳು ಈ ಕಥೆಯಲ್ಲಿ ಎಲ್ಲಿ ಬರುತ್ತಾರೆ ಎಂದು ನೀವು ಕೇಳಬಹುದು. ಕುಂದಗೋಳದ ರಾಮಭಾವು ಮರಾಠಿ ರಂಗದ ಮೇಲೆ ಹಾಡಿಯೇ 'ಸವಾಯಿ ಗಂಧರ್ವ'ರಾದರು. ಧಾರವಾಡದ ಹತ್ತಿರದ ಮನಸೂರಿನ ಹುಡುಗ ಮಲ್ಲಿಕಾರ್ಜುನ ವಾಮನರಾವ್ ಮಾಸ್ತರರ ಕನ್ನಡ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದಾಗ ಮಿರಜದ ನೀಲಕಂಠಬುವಾ ಅವರ ಕಿವಿಗೆ ಆ ದನಿ ಬಿತ್ತು. ಅವರು ಹುಡುಗನನ್ನು ಶಿಷ್ಯನನ್ನಾಗಿ ಮಾಡಿಕೊಂಡರು. ಈ ನೀಲಕಂಠಬುವಾ ಯಾರ ಶಿಷ್ಯರು? ಬಾಳಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರು. ಗ್ವಾಲಿಯರದ ಗಾಯಕಿಯನ್ನು ಈ ಸೀಮೆಗೆ ತಂದ ಮಹಾನುಭಾವರು ಅವರು. ಮುಂದೆ ಮನಸೂರರು ಕಲಿತದ್ದು ಕೊಲ್ಹಾಪುರದ ದರಬಾರಿ ಗವಾಯಿ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನ್ ಮತ್ತು ಭುರ್ಜೀ ಖಾನರಲ್ಲಿ. ಇಚಲಕರಂಜಿ, ಮಿರಜ, ಕೊಲ್ಹಾಪುರಗಳನ್ನು ತೆಗೆದುಬಿಟ್ಟರೆ ಧಾರವಾಡದ ಸಂಗೀತದ ಬೇರು ಎಲ್ಲಿ ಹುಡುಕಬೇಕು? ಹಾಗೆಯೇ ಬೀಳಗಿಯ ಗೋಹರಬಾಯಿ ಕರ್ನಾಟಕಿ ಮುಂದೆ ಬಾಲಗಂಧರ್ವರ ಕಂಪನಿ ಸೇರಿ ಅವರ ಜೊತೆಗೆ ರಂಗದ ಮೇಲೆ ಹಾಡಿದರು. 'ಕರ್ನಾಟಕಿ' ಎಂಬುದನ್ನು ಮುಚ್ಚಿಡದೆ ಹೆಸರಿನಲ್ಲಿಯೇ ಇಟ್ಟುಕೊಂಡು ಮರಾಠಿಯಲ್ಲಿ ಹಾಡಿದ ಹೆಣ್ಣುಮಗಳು ಆಕೆ.

ಕೈಪಿಡಿ ಎಂದ ಮೇಲೆ ಕೇಳುವ ದಾರಿಯನ್ನೂ ಹೇಳಬೇಕು. ಮೊದಲು 'ಸೌಭದ್ರ'ದ ಪದಗಳಿಂದ ಆರಂಭಿಸಿ, ಅವು ಹಗುರ, ಮಾತಿಗೆ ಹತ್ತಿರ. ಅನಂತರ 'ಮಾನಾಪಮಾನ'ಕ್ಕೆ ಬನ್ನಿ, ಅಲ್ಲಿ ರಾಗದ ಭಾರ ಹೆಚ್ಚು. ಕೇಳುವಾಗ ಮೂರು ಸಂಗತಿಗಳ ಕಡೆ ಲಕ್ಷ್ಯ ಕೊಡಿ. ಪದ ಯಾವ ಮಾತಿನ ತುದಿಯಿಂದ ಎದ್ದು ಬರುತ್ತದೆ ಎಂಬುದು ಒಂದು. ಕಾಲಪೆಟ್ಟಿಗೆ, ಸಾರಂಗಿ, ತಬಲಾ ಗಾಯಕನಿಗೆ ಎಲ್ಲಿ ದಾರಿ ಬಿಡುತ್ತವೆ ಎಂಬುದು ಎರಡು. ಒಂದೇ ಸಾಲನ್ನು ಎರಡನೆಯ ಸಲ ಹಾಡುವಾಗ ಏನು ಬದಲಾಯಿತು ಎಂಬುದು ಮೂರು. ಆಮೇಲೆ ಮನಸೂರರ ಒಂದು ಕನ್ನಡ ವಚನ ಕೇಳಿ. ಅದೇ ಮನೆತನದ ಮಕ್ಕಳೆಂದು ನಿಮ್ಮ ಕಿವಿಯೇ ನಿಮಗೆ ಹೇಳುತ್ತದೆ.

ಕೊನೆಯದಾಗಿ ಒಂದು ನೋವಿನ ಮಾತು. ಶಾಹೂ ಮಹಾರಾಜರು ಕೊಲ್ಹಾಪುರದಲ್ಲಿ ಖಾಸಬಾಗ ಕುಸ್ತಿ ಮೈದಾನದ ಮಗ್ಗುಲಲ್ಲಿಯೇ ಕಲ್ಲಿನ ನಾಟಕಮಂದಿರ ಕಟ್ಟಿಸಿದರು. 1915ರಲ್ಲಿ ಪೂರ್ಣವಾದ ಅದಕ್ಕೆ ಆಗ 'ಪ್ಯಾಲೇಸ್ ಥಿಯೇಟರ್' ಎಂದು ಹೆಸರು. ಮುಂದೆ ಅದು ಕೇಶವರಾವ್ ಭೋಸಲೆ ನಾಟ್ಯಗೃಹವಾಯಿತು. ಪೈಲವಾನರಿಗೆ ಒಂದು ಗೋಡೆ, ಗವಾಯಿಗಳಿಗೆ ಒಂದು ಗೋಡೆ, ನಡುವೆ ಅಂತರವೇ ಇಲ್ಲ. 2024ರ ಆಗಸ್ಟ್ 8ರ ರಾತ್ರಿ, ನಾಳೆ ಬೆಳಗಾದರೆ ಕೇಶವರಾವ್ ಅವರ ಜಯಂತಿ ಎನ್ನುವಾಗ, ಆ ಮಂದಿರಕ್ಕೆ ಬೆಂಕಿ ಬಿತ್ತು. ರಂಗ, ಮಾಡು, ಕುರ್ಚಿ ಎಲ್ಲ ಸುಟ್ಟುಹೋದವು. ಹಿರಿಯ ಕಲಾವಿದರು ರಸ್ತೆಯ ಮೇಲೆ ನಿಂತು ಅತ್ತರು. ಅದನ್ನು ಮೊದಲಿನ ರೂಪದಲ್ಲಿಯೇ ಮತ್ತೆ ಕಟ್ಟುವುದೆಂದು ಸರಕಾರ ಹಣ ಘೋಷಿಸಿತು.

ಕಲ್ಲು, ಕಟ್ಟಿಗೆಯನ್ನು ಹಣ ಕೊಟ್ಟು ತರಬಹುದು. ನೆನಪನ್ನು ತರಲಾಗುವುದಿಲ್ಲ. ಅದಕ್ಕೂ ಬೆಂಕಿ ಬೀಳುತ್ತದೆ, ಹೊಗೆ ಮಾತ್ರ ಕಾಣಿಸುವುದಿಲ್ಲ. ನಮ್ಮ ಕಡೆ ಒಬ್ಬೊಬ್ಬ ಮುದುಕರು ತೀರಿಕೊಂಡಾಗಲೂ ಒಂದೊಂದು ನಾಟಕಮಂದಿರ ಸುಟ್ಟಂತೆಯೇ. ಆದುದರಿಂದ ಈ ರಾತ್ರಿ ಊಟವಾದ ಮೇಲೆ ನಿಮ್ಮ ಮನೆಯ ಹಿರಿಯರನ್ನು ಕೇಳಿ. ಜಾತ್ರೆಯಲ್ಲಿ ಯಾವ ಕಂಪನಿ ಬಂದಿತ್ತು, ಯಾವ ನಾಟಕ, ಯಾವ ಪದಕ್ಕೆ ವನ್ಸ್ ಮೋರ್ ಬಿತ್ತು ಎಂದು ಕೇಳಿ. ಅವರು ಮರಾಠಿಯಲ್ಲಿ ಹಾಡಿದರೆ ಮರಾಠಿಯಲ್ಲಿ, ಕನ್ನಡದಲ್ಲಿ ಹಾಡಿದರೆ ಕನ್ನಡದಲ್ಲಿ ಬರೆದಿಡಿ. ಪರದೇಶದ ತಂಡದ ಹೆಸರಿನ ಅಂಗಿ ತೊಟ್ಟ ಹುಡುಗನನ್ನೇ ಆ ಕೆಲಸಕ್ಕೆ ಹಚ್ಚಿ. ಹಾಡಿನ ಹುಚ್ಚು ಇದ್ದವನಿಗೇ ಅದು ಸಾಧ್ಯ.