ಬಡ ದೇಶಗಳಲ್ಲಿ ಹಸಿವು ಏಕೆ? ಇಂದಾಪುರದ ಕಂದಾಯ, ಸಾಲ ಮತ್ತು ಬರದ ಇತಿಹಾಸ

ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಸುಮಾರು 73 ಕೋಟಿ ಜನ ಹಸಿವಿನಿಂದ ಬಳಲುತ್ತಿದ್ದರು. ಇವರಲ್ಲಿ ಬಹುತೇಕರು ಏಷ್ಯಾ, ಆಫ್ರಿಕಾದವರು. ಕಾರಣ ಕೇಳಿದರೆ ಮಳೆ ಕೈಕೊಟ್ಟಿತು, ಜನಸಂಖ್ಯೆ ಹೆಚ್ಚಾಯಿತು ಎನ್ನುವುದು ವಾಡಿಕೆ. ಅದು ಎಷ್ಟರಮಟ್ಟಿಗೆ ನಿಜ ಎಂದು ತಿಳಿಯಲು ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನ ಇತಿಹಾಸ ನೋಡಬಹುದು.

ಪುಣೆ-ಸೊಲ್ಲಾಪುರ ದಾರಿಯಲ್ಲಿರುವ ಇಂದಾಪುರ ಭೀಮಾ, ನೀರಾ ನದಿಗಳ ನಡುವಿನ ಮಳೆ ನೆರಳಿನ ಪ್ರದೇಶ. ಇಲ್ಲಿಂದ ಮುಂದೆ ಹರಿಯುವ ಭೀಮೆಯೇ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತಾಳೆ.

ಕಂದಾಯದ ಹೊರೆ

1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಈ ಭಾಗ ಕಂಪನಿ ಸರ್ಕಾರದ ಕೈಸೇರಿತು. ಅಧಿಕಾರಿ ಪ್ರಿಂಗಲ್, ಸಾಗುವಳಿ ಖರ್ಚು ಕಳೆದು ಉಳಿದುದರಲ್ಲಿ ಶೇ.55ರಷ್ಟು ಸರ್ಕಾರಕ್ಕೆ ಎಂದು ನಿಗದಿ ಮಾಡಿದರು. ಅಳತೆ, ಇಳುವರಿಯ ಲೆಕ್ಕಗಳೇ ತಪ್ಪಾಗಿದ್ದವು. ಕಂದಾಯ ಕಟ್ಟಲಾಗದೆ ರೈತರು ಹೊಲ ಬೀಳು ಬಿಟ್ಟು ಊರು ತೊರೆದರು.

1835-36ರಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಹೊಸ ಸರ್ವೆ ಆರಂಭಿಸಿದ್ದು ಇದೇ ಇಂದಾಪುರದಲ್ಲಿ. ಕಂದಾಯ ಇಳಿಸಿ, 30 ವರ್ಷ ಏರಿಸುವುದಿಲ್ಲ ಎಂದು ಮಾತು ಕೊಟ್ಟರು. ಬೀಳು ಬಿದ್ದ ಹೊಲಗಳು ಮತ್ತೆ ಉಳುಮೆ ಕಂಡವು. ಮಳೆ ಮೊದಲಿನಷ್ಟೇ ಇತ್ತು! ಮುಂದೆ ಧಾರವಾಡ, ಬೆಳಗಾವಿ ಕಡೆಗೂ ಇದೇ ಪದ್ಧತಿ ಬಂತು.

ಸಾಲದ ಸುಳಿ

ಅಮೆರಿಕದ ಅಂತರ್ಯುದ್ಧದ (1861-65) ಕಾಲಕ್ಕೆ ಹತ್ತಿಗೆ ಚಿನ್ನದ ಬೆಲೆ ಬಂತು. ಯುದ್ಧ ನಿಂತಿದ್ದೇ ಬೆಲೆ ಕುಸಿಯಿತು. 30 ವರ್ಷದ ಗಡುವೂ ಅದೇ ಹೊತ್ತಿಗೆ ಮುಗಿದು ಕಂದಾಯ ಏರಿತು. ಕಂದಾಯವನ್ನು ನಗದಾಗಿಯೇ ಕಟ್ಟಬೇಕಿದ್ದರಿಂದ ರೈತ ಸಾಹುಕಾರನ ಬಾಗಿಲಿಗೆ ಹೋಗಲೇಬೇಕಾಯಿತು. 1875ರ ಮೇ 12ರಂದು ಪಕ್ಕದ ಸುಪೆ ಗ್ರಾಮದಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಪುಣೆ, ಅಹಮದ್‌ನಗರ ಜಿಲ್ಲೆಗಳಿಗೆ ಹಬ್ಬಿದ ಇದನ್ನು ದಖ್ಖನ್ ದಂಗೆ ಎನ್ನುತ್ತಾರೆ.

ಮರುವರ್ಷವೇ ಮಳೆ ಕೈಕೊಟ್ಟಿತು. ಸಾಲದಲ್ಲಿ ಮುಳುಗಿದ್ದವರ ಬಳಿ ಕಾಳಿನ ಸಂಗ್ರಹವಾಗಲಿ, ಕೊಳ್ಳಲು ಹಣವಾಗಲಿ ಇರಲಿಲ್ಲ. ಇತ್ತ ಭಾರತದಿಂದ ಗೋಧಿ ರಫ್ತು ನಡೆದೇ ಇತ್ತು. ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ದುಡಿದ ಗಂಡಸಿಗೆ ಒಂದು ಹಂತದಲ್ಲಿ ಸಿಕ್ಕಿದ್ದು ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಒಂದಾಣೆ. ಇದೇ ಬರ ಮೈಸೂರು ಸೀಮೆಯಲ್ಲಿ ಧಾತು, ಈಶ್ವರ ಸಂವತ್ಸರಗಳ ಬರವಾಗಿ ಕಾಡಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಳಿಯಿತು.

ಮಾರುಕಟ್ಟೆಯಲ್ಲಿ ಧಾನ್ಯವಿದ್ದರೂ ಅದನ್ನು ಪಡೆಯುವ ಶಕ್ತಿ ಕಳೆದುಕೊಂಡವರು ಹಸಿಯುತ್ತಾರೆ ಎಂಬುದನ್ನು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ಬಂಗಾಳ, ಇಥಿಯೋಪಿಯಾದ ಬರಗಳನ್ನು ಮುಂದಿಟ್ಟು ವಿವರಿಸಿದರು. 1972-73ರ ಭೀಕರ ಬರದಲ್ಲಿ ಮಹಾರಾಷ್ಟ್ರ ಸರ್ಕಾರ ಲಕ್ಷಾಂತರ ಜನರಿಗೆ ಕೂಲಿ ಕೊಟ್ಟು ದೊಡ್ಡ ಸಾವುನೋವು ತಪ್ಪಿಸಿತು. ಅಲ್ಲಿನ ಉದ್ಯೋಗ ಖಾತ್ರಿ ಯೋಜನೆಯೇ 2005ರ ರಾಷ್ಟ್ರೀಯ ಕಾಯ್ದೆಗೆ ಮಾದರಿಯಾಯಿತು.

ಈಗಿನ ಇಂದಾಪುರ

ನೀರಾ ಎಡದಂಡೆ ಕಾಲುವೆ ಮತ್ತು 1980ರಲ್ಲಿ ಪೂರ್ಣಗೊಂಡ ಉಜನಿ ಜಲಾಶಯದ ಹಿನ್ನೀರಿನಿಂದ ತಾಲೂಕಿನ ಒಂದು ಭಾಗ ಕಬ್ಬಿನ ಹಸಿರಾಗಿದೆ. ನೀರು ತಲುಪದ ಹಳ್ಳಿಗಳು ಇನ್ನೂ ಮಳೆಯನ್ನೇ ನಂಬಿವೆ. ಪಶ್ಚಿಮ ಮಹಾರಾಷ್ಟ್ರದ ಕಬ್ಬು ಕಡಿಯಲು ಪ್ರತಿವರ್ಷ ಬೀಡ್ ಮುಂತಾದ ಬರಪೀಡಿತ ಜಿಲ್ಲೆಗಳಿಂದ ಕುಟುಂಬಗಳೇ ಗುಳೆ ಬರುತ್ತವೆ. ಹಂಗಾಮಿಗೆ ಮೊದಲೇ ಪಡೆದ ಮುಂಗಡ ಹಣ ತೀರುವವರೆಗೂ ಅವರು ಕಬ್ಬು ಕಡಿಯಬೇಕು. ತೀರದಿದ್ದರೆ ಬಾಕಿ ಮುಂದಿನ ಹಂಗಾಮಿನ ಲೆಕ್ಕಕ್ಕೆ ಸೇರುತ್ತದೆ.