ಅತ್ತೆಯಲ್ಲ, ಅತ್ತಿ

ಮೊನ್ನೆ ಮೆಟ್ರೋದಲ್ಲಿ ‘ಮುಂದಿನ ನಿಲ್ದಾಣ ಅತ್ತಿಗುಪ್ಪೆ’ ಎಂಬ ದನಿ ಬಂದದ್ದೇ, ಎದುರಿಗಿದ್ದ ಹುಡುಗಿ ಕೇಳಿದಳು: ‘ಅತ್ತಿ ಅಂದ್ರೆ ಏನಪ್ಪಾ?’ ಅಪ್ಪ ತಡವರಿಸಿ, ‘ಅತ್ತೆ ಇರಬೇಕು ಪುಟ್ಟಾ, ಹಳೇ ಕಾಲದಲ್ಲಿ ಹಂಗೇ ಬರೀತಿದ್ರು’ ಅಂದ. ಅನುಮಾನ ಬಂದು ಮೊಬೈಲು ತಡಕಿ, ‘ಅಲ್ಲ, ಕ್ಲಸ್ಟರ್ ಫಿಗ್ ಅಂತೆ’ ಎಂದು ತಿದ್ದಿಕೊಂಡ. ‘ಓ, ಫಿಗ್ಗಾ!’ ಮಗಳಿಗೆ ಸಮಾಧಾನವಾಯಿತು. ನನಗಾಗಲಿಲ್ಲ. ಅವರು ಕೂತಿದ್ದದ್ದಾದರೂ ನೇರಳೆ ಮಾರ್ಗದ ರೈಲಿನಲ್ಲಿ. ಆ ಮರವೂ ಈಗ ಬರೀ ಬಣ್ಣ.

ಜ್ಯೂಸ್ ಅಂಗಡಿಯ ಅಂಜೂರ ಬೇರೆ, ನಮ್ಮ ಅತ್ತಿ ಬೇರೆ. ಅವು ದಾಯಾದಿಗಳು, ಅಷ್ಟೆ. ರೆಂಬೆಯ ತುದಿಯಲ್ಲಿ ಕಾಯಿ ಬಿಡುವ ಶಿಸ್ತು ಅತ್ತಿಗಿಲ್ಲ. ಬೊಡ್ಡೆಗೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಡುತ್ತದೆ.

ಅತ್ತಿಗುಪ್ಪೆ, ಅತ್ತಿಬೆಲೆ ಇಂಥ ಹೆಸರುಗಳ ಬಗ್ಗೆ ನನ್ನದೊಂದು ಹಟವಿದೆ. ಇವು ಮರದ ಚಂದ ನೋಡಿ ಇಟ್ಟ ಹೆಸರಲ್ಲ, ನೀರು ನೋಡಿ ಇಟ್ಟದ್ದು. ಅತ್ತಿ ಹಳ್ಳದಂಚಿನ ಮರ. ವರಾಹಮಿಹಿರನ ‘ಬೃಹತ್ಸಂಹಿತೆ’ಯೂ ಅಂತರ್ಜಲದ ಗುರುತುಗಳಲ್ಲಿ ಅದನ್ನು ಸೇರಿಸಿದೆ. ‘ಅತ್ತಿ’ ಎಂದರೆ ‘ಇಲ್ಲಿ ಬಾವಿ ತೋಡಿ’ ಎಂದೇ ಅರ್ಥ ಅನ್ನುವುದು ನನ್ನ ವಾದ. ಪಂಡಿತರು ಒಪ್ಪಲಿಕ್ಕಿಲ್ಲ. ಕೊಳವೆಬಾವಿಗೆ ತೆಂಗಿನಕಾಯಿ ಹಿಡಿದು ಜಾಗ ಹುಡುಕುವವರು ಒಪ್ಪಿಯಾರು.

ನಮ್ಮಜ್ಜಿಯ ಬಾವಿಕಟ್ಟೆಯ ಪಕ್ಕದಲ್ಲೂ ಒಂದು ಅತ್ತಿಮರವಿತ್ತು. ಅದರ ಹೂವು ನಡುರಾತ್ರಿ ಅರಳುತ್ತದೆ, ಕಂಡವರು ರಾಜರಾಗುತ್ತಾರೆ ಅನ್ನುತ್ತಿದ್ದಳು. ನಾನು ಎರಡು ರಾತ್ರಿ ಕಾದು, ರಾಜನಾಗದೆ, ನೆಗಡಿ ಹತ್ತಿಸಿಕೊಂಡೆ. ಮೂರನೆಯ ದಿನ ಸಿಟ್ಟಿಗೆ ಒಂದು ಕೆಂಪು ಹಣ್ಣನ್ನು ಕಿತ್ತು ಬಿಚ್ಚಿದರೆ, ಒಳಗಿಂದ ಎಳ್ಳಿನಂಥ ಹುಳಗಳು ಬುಳುಬುಳು ಎದ್ದು ಹಾರಿದವು. ಅಜ್ಜಿ ಗಾದೆ ಎಸೆದಳು: ‘ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ.’ ಹೊರಗೆ ಮಿರಿಮಿರಿ ಮಿಂಚುವ ನೆಂಟರೊಬ್ಬರನ್ನು ಕುರಿತು ಅವಳು ದಿನವೂ ಆಡುತ್ತಿದ್ದ ಮಾತದು. ತೆಲುಗಿನ ವೇಮನನೂ ಮೇಡಿಪಂಡಿನ, ಅಂದರೆ ಅತ್ತಿಹಣ್ಣಿನ, ಮೇಲೆ ಇದೇ ದೂರು ಹೊರಿಸಿದ್ದಾನೆ.

ದೂರು ಅನ್ಯಾಯದ್ದು. ಅತ್ತಿಯ ಹೂವೆಲ್ಲ ಇರುವುದು ಆ ಗುಂಡಿಯೊಳಗೇ. ನಾವು ಕಾಯಿ ಅನ್ನುವುದು ನೂರಾರು ಹೂವನ್ನು ಮುಚ್ಚಿಟ್ಟ ಚೀಲ. ಹುಳ ಅನ್ನಿಸಿಕೊಂಡದ್ದು ಸಣ್ಣ ಕಣಜ. ಹೆಣ್ಣು ಕಣಜ ತುದಿಯ ಕಿಂಡಿಯಲ್ಲಿ ನುಗ್ಗುವಾಗ ರೆಕ್ಕೆಯೇ ಕಿತ್ತುಹೋಗುತ್ತದೆ. ತಂದ ಪರಾಗವನ್ನು ಹೂವಿಗೆ ಮುಟ್ಟಿಸಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಅದರ ಗಂಡುಮಕ್ಕಳಿಗೆ ಹುಟ್ಟಿನಿಂದಲೇ ರೆಕ್ಕೆಯಿಲ್ಲ. ಅಕ್ಕತಂಗಿಯರು ಹಾರಿಹೋಗಲು ಗೋಡೆ ಕೊರೆದುಕೊಟ್ಟು ಅವೂ ಸಾಯುತ್ತವೆ. ಈ ಹುಳವಿಲ್ಲದಿದ್ದರೆ ಅತ್ತಿಗೆ ಬೀಜವಿಲ್ಲ, ಬೀಜವಿಲ್ಲದಿದ್ದರೆ ಮರವಿಲ್ಲ, ಗಾದೆಯೂ ಇಲ್ಲ. ಅಜ್ಜಿ ಹೂವನ್ನು ನಡುರಾತ್ರಿಗೆ ಮುಂದೂಡಿದಳು. ಅದು ಹಾಡಹಗಲೇ ನನ್ನ ಅಂಗೈಯಲ್ಲಿತ್ತು.

ಹೆಸರಿನ ಹಣೆಬರಹ ನೋಡಿ. ಇದೇ ಮರವನ್ನು ಔದುಂಬರ ಎಂದರೆ ದತ್ತಾತ್ರೇಯನ ಮರವಾಗುತ್ತದೆ, ಗಾಣಗಾಪುರದಲ್ಲಿ ಕೈಮುಗಿಸಿಕೊಳ್ಳುತ್ತದೆ. ಫಿಗ್ ಎಂದರೆ ಮಕ್ಕಳ ಕಣ್ಣರಳುತ್ತದೆ. ಅತ್ತಿ ಎಂದರೆ ಮಾತ್ರ ಹುಳ, ಇಲ್ಲವೇ ಅತ್ತೆ.

ಆ ತಂದೆ ಇದನ್ನು ಓದಿದರೆ ಒಂದು ವಿನಂತಿ. ಈ ಭಾನುವಾರ ಮಗಳನ್ನು ಅತ್ತಿಮರದ ಬುಡಕ್ಕೆ ಕರೆದುಕೊಂಡು ಹೋಗಿ. ಒಂದು ಹಣ್ಣು ಬಿಚ್ಚಿ, ಹುಳ ಹಾರಿಹೋಗಲು ಬಿಡಿ, ಒಳಗಿನ ಹೂವು ತೋರಿಸಿ. ಮೊಬೈಲು ಜೇಬಿನಲ್ಲೇ ಇರಲಿ.