ಏರ್ ಸಸ್ಪೆನ್ಷನ್ ಕಳಚಿ ಕಾಯಿಲ್ ಸ್ಪ್ರಿಂಗ್ ಕೂರಿಸಿದ ಕತೆ

ಐಷಾರಾಮಿ ಕಾರಿನ ಏರ್ ಸಸ್ಪೆನ್ಷನ್ ಕಳಚಿ, ಆ ಜಾಗದಲ್ಲಿ ಉಕ್ಕಿನ ಕಾಯಿಲ್ ಸ್ಪ್ರಿಂಗ್ ಕೂರಿಸುವ ಕೆಲಸವನ್ನು ಹಳೆ ಕಾರುಗಳ ಅಗ್ಗದ ರಿಪೇರಿ ಎಂದೇ ಹಲವರು ತಿಳಿದಿದ್ದಾರೆ. ಅದರ ಇತಿಹಾಸ ಅದಕ್ಕಿಂತ ದೊಡ್ಡದು. ಅಮೆರಿಕದ ಶೋರೂಮುಗಳಿಗೆ ಗಾಳಿಯ ಮೇಲೆ ನಿಲ್ಲುವ ಕಾರುಗಳು ಬಂದ ಕೆಲವೇ ವರ್ಷಗಳಲ್ಲಿ ಈ ರಿಪೇರಿಯೂ ಹುಟ್ಟಿತು. ಆ ಬಳಿಕ ಏರ್ ಸಸ್ಪೆನ್ಷನ್ ಹೊಸ ರೂಪದಲ್ಲಿ ಮರಳಿದಾಗಲೆಲ್ಲ ಕಾಯಿಲ್ ಸ್ಪ್ರಿಂಗ್ ಅದರ ಬೆನ್ನ ಹಿಂದೆಯೇ ಬಂದಿದೆ.

ಎರಡರಲ್ಲಿ ಕಾಯಿಲ್ ಹಳೆಯದು. ಸುರುಳಿ ಸ್ಪ್ರಿಂಗಿಗೆ ಬ್ರಿಟನ್ನಿನಲ್ಲಿ ರಿಚರ್ಡ್ ಟ್ರೆಡ್‌ವೆಲ್ ಪೇಟೆಂಟ್ ಪಡೆದದ್ದು 1763ರಲ್ಲಿ. ಆದರೂ ಸಾರೋಟುಗಳೂ ಮೊದಲ ತಲೆಮಾರಿನ ಕಾರುಗಳೂ ಬಹುಕಾಲ ನೆಚ್ಚಿಕೊಂಡದ್ದು ಲೀಫ್ ಸ್ಪ್ರಿಂಗನ್ನು. ಒಂದರ ಮೇಲೊಂದು ಜೋಡಿಸಿದ ಅದರ ಪಟ್ಟಿಗಳು ಭಾರ ಹೊರುವುದರ ಜೊತೆಗೆ ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದೂ ಇಡುತ್ತಿದ್ದವು. ಈ ಎರಡನೆಯ ಹೊಣೆಯಿಂದಾಗಿ ಅವನ್ನು ಹೆಚ್ಚು ಮೆದುಗೊಳಿಸುವಂತಿರಲಿಲ್ಲ. ರೋಲ್ಸ್ ರಾಯ್ಸ್‌ನಿಂದ 1930ರಲ್ಲಿ ಕ್ಯಾಡಿಲಾಕ್‌ಗೆ ಬಂದ ಎಂಜಿನಿಯರ್ ಮಾರಿಸ್ ಆಲಿ ಈ ತೊಡಕಿನ ಮೂಲವನ್ನೇ ಹುಡುಕಿಕೊಂಡು ಹೊರಟರು. ಕಾರು ಉಬ್ಬು ದಾಟಿದ ಮೇಲೆ ಮುಂದಕ್ಕೂ ಹಿಂದಕ್ಕೂ ತೂಗಾಡಬಾರದು ಎಂದಾದರೆ ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆದುವಾಗಿರಬೇಕು ಎಂದು ಪ್ರಯೋಗಗಳಿಂದ ತೋರಿಸಿದರು. ಅದರ ಫಲವಾಗಿ 1934ರ ಕ್ಯಾಡಿಲಾಕ್‌ಗಳಲ್ಲಿ ಮುಂದಿನ ಚಕ್ರಗಳೆರಡೂ ಸ್ವತಂತ್ರವಾಗಿ ಏರಿಳಿಯತೊಡಗಿದವು. ಚಕ್ರವನ್ನು ಹಿಡಿದಿಡಲು ಬೇರೆ ತೋಳುಗಳಿದ್ದುದರಿಂದ ಕಾಯಿಲ್ ಸ್ಪ್ರಿಂಗ್ ಭಾರ ಹೊತ್ತರೆ ಸಾಕಾಗಿತ್ತು.

ಆದರೆ ಕಾಯಿಲಿಗೂ ಒಂದು ಮಿತಿಯಿದೆ. ಸಾಮಾನ್ಯ ಕಾಯಿಲಿನ ಬಿಗುಪು ಎಲ್ಲ ಹೊತ್ತಿನಲ್ಲೂ ಒಂದೇ. ಒಬ್ಬನೇ ಕೂತಾಗ ಹಿತವಾಗಿರುವಷ್ಟು ಮೆದು ಮಾಡಿದರೆ ಐದು ಮಂದಿ ಲಗೇಜು ಸಮೇತ ಕೂತಾಗ ಕಾರಿನ ಹಿಂಭಾಗ ಕುಸಿಯುತ್ತದೆ. ತುಂಬಿದ ಕಾರಿಗೆಂದು ಬಿಗಿ ಮಾಡಿದರೆ ಖಾಲಿ ಕಾರು ಕುಕ್ಕುತ್ತದೆ. ಗಾಳಿ ಸ್ಪ್ರಿಂಗಿನ ಗುಣವೇ ಬೇರೆ. ರಬ್ಬರ್ ಚೀಲದೊಳಗಿನ ಗಾಳಿಯ ಒತ್ತಡ ಭಾರಕ್ಕೆ ತಕ್ಕಂತೆ ಏರಿದರೆ ಅದರ ಬಿಗುಪೂ ಅದೇ ಪ್ರಮಾಣದಲ್ಲಿ ಏರುತ್ತದೆ. ಎತ್ತರ ಅಳೆಯುವ ವಾಲ್ವೊಂದು ಗಾಳಿಯನ್ನು ಒಳಬಿಟ್ಟು ಹೊರಬಿಟ್ಟು ಮಾಡುತ್ತಿದ್ದರೆ ಭಾರ ಎಷ್ಟಿದ್ದರೂ ಗಾಡಿ ಒಂದೇ ಎತ್ತರದಲ್ಲಿ ನಿಂತು, ಹೆಚ್ಚುಕಡಿಮೆ ಒಂದೇ ಲಯದಲ್ಲಿ ತೂಗುತ್ತದೆ. ಸವಾರಿಯ ಹಿತದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಸ್ಪ್ರಿಂಗ್ ಇಲ್ಲವೆಂದೇ ಹೇಳಬೇಕು.

ಈ ಗುಣ ಮೊದಲು ಬೇರೂರಿದ್ದು ಬಸ್ಸುಗಳಲ್ಲಿ. ಫೈರ್‌ಸ್ಟೋನ್ ಕಂಪನಿ 1930ರ ದಶಕದಿಂದ ರಬ್ಬರ್ ಬೆಲೋಗಳನ್ನು, ಅಂದರೆ ಗಾಳಿ ಚೀಲಗಳನ್ನು, ಬೆಳೆಸುತ್ತ ಬಂದಿತ್ತು. 1953ರಲ್ಲಿ ಜನರಲ್ ಮೋಟರ್ಸ್ ತನ್ನ ಬಸ್ಸುಗಳಿಗೆ ಏರ್ ಸಸ್ಪೆನ್ಷನ್ ಕೊಟ್ಟಿತು. ಮರುವರ್ಷ ರಸ್ತೆಗಿಳಿದ ಗ್ರೇಹೌಂಡ್ ಕಂಪನಿಯ ಸೀನಿಕ್ರೂಸರ್ ಬಸ್ಸೂ ಗಾಳಿಯ ಮೇಲೆಯೇ ಓಡಿತು. ಖಾಲಿ ಬಸ್ಸಿಗೂ ತುಂಬಿದ ಬಸ್ಸಿಗೂ ಟನ್‌ಗಟ್ಟಲೆ ವ್ಯತ್ಯಾಸವಿರುವುದರಿಂದ ಗಾಳಿಯ ಲಾಭ ಅಲ್ಲಿ ಎದ್ದು ಕಾಣುತ್ತದೆ. ಏರ್ ಬ್ರೇಕಿಗೆಂದು ಕಂಪ್ರೆಸರ್ ಮೊದಲೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಸ್ಸು ದಿನವೂ ಡಿಪೋಗೆ ಮರಳುತ್ತದೆ. ಸೋರುವ ಪೈಪು, ಬಿರುಕು ಬಿಟ್ಟ ಬೆಲೋ ಅಲ್ಲಿ ಮೆಕ್ಯಾನಿಕ್‌ಗಳ ಕಣ್ಣಿಗೆ ಬೀಳುತ್ತವೆ. ಕಾರಿನ ವಿಷಯದಲ್ಲಿ ಮುಂದೆ ಆದದ್ದೆಲ್ಲ ಈ ಕೊನೆಯ ಅನುಕೂಲ ಇಲ್ಲದ್ದರಿಂದಲೇ ಆಯಿತು.

ಬಸ್ಸುಗಳ ಬಳಿಕ ಏರ್ ಸಸ್ಪೆನ್ಷನ್ ಕಾರಿಗೂ ಬಂತು. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಮ್ ಕಾರಿನ ಬೆಲೆ 13,074 ಡಾಲರ್. ಸ್ಟೇನ್‌ಲೆಸ್ ಸ್ಟೀಲ್ ಚಾವಣಿಯ ಆ ಕಾರಿನ ನಾಲ್ಕೂ ಚಕ್ರಗಳ ಬಳಿ ಗುಮ್ಮಟದಂಥ ಗಾಳಿಗೂಡು, ಅದರ ಬಾಯಿಗೆ ರಬ್ಬರ್ ಪೊರೆ, ಕೆಳಗಿನಿಂದ ಒತ್ತುವ ಪಿಸ್ಟನ್ ಇದ್ದವು. ಗಾಳಿ ತುಂಬಲು ಪುಟ್ಟ ಕಂಪ್ರೆಸರ್ ಇತ್ತು. ಎರಡು ವರ್ಷಗಳಲ್ಲಿ ತಯಾರಾದದ್ದು 704 ಕಾರುಗಳು ಮಾತ್ರ. 1958ರಲ್ಲಿ ಷೆವ್ರೊಲೆ, ಪಾಂಟಿಯಾಕ್, ಬ್ಯೂಕ್, ಓಲ್ಡ್ಸ್‌ಮೊಬೈಲ್ ಹೀಗೆ ಜನರಲ್ ಮೋಟರ್ಸ್‌ನ ಎಲ್ಲ ಹೆಸರುಗಳ ಕೆಳಗೂ ಏರ್ ಸಸ್ಪೆನ್ಷನ್ ಹೆಚ್ಚುವರಿ ಹಣಕ್ಕೆ ಸಿಗತೊಡಗಿತು. ಫೋರ್ಡ್ ಕೂಡ ಹಿಂದೆ ಬೀಳಲಿಲ್ಲ.

ಸೋಲು ಬೇಗನೆ ಬಂತು. ಕಂಪ್ರೆಸರ್ ಎಳೆದುಕೊಂಡ ಗಾಳಿಯ ಜೊತೆ ತೇವವೂ ಧೂಳೂ ಒಳಸೇರಿ ಸಣ್ಣ ವಾಲ್ವುಗಳನ್ನು ಕೆಡಿಸಿದವು. ಚಳಿಗಾಲದಲ್ಲಿ ಆ ತೇವ ಹೆಪ್ಪುಗಟ್ಟಿತು. ರಾತ್ರಿ ನಿಲ್ಲಿಸಿದ ಕಾರು ಬೆಳಗಾಗುವಷ್ಟರಲ್ಲಿ ನೆಲಕ್ಕೆ ಕುಸಿದಿರುತ್ತಿತ್ತು, ಕೆಲವೊಮ್ಮೆ ಒಂದೇ ಮೂಲೆಯಲ್ಲಿ. ಮಾಲೀಕರು ಕಾರನ್ನು ಡೀಲರುಗಳ ಬಳಿಗೆ ಒಯ್ದು ಕಾಯಿಲ್ ಸ್ಪ್ರಿಂಗ್ ಹಾಕಿಸಿಕೊಂಡರು. ಈ ಬದಲಾವಣೆ ದೊಡ್ಡ ಸಾಹಸವೂ ಆಗಿರಲಿಲ್ಲ. ಅದೇ ಕಾರಖಾನೆಯ ಬಹುಪಾಲು ಕಾರುಗಳು ಕಾಯಿಲಿನ ಮೇಲೆಯೇ ಓಡುತ್ತಿದ್ದವು. 1960ರ ದಶಕ ಕಾಲಿಡುವ ಹೊತ್ತಿಗೆ ಅಮೆರಿಕದ ಕಾರುಗಳಿಂದ ಏರ್ ಸಸ್ಪೆನ್ಷನ್ ಹೆಚ್ಚುಕಡಿಮೆ ಮಾಯವಾಗಿತ್ತು.

ಯುರೋಪು ಬೇರೆ ದಾರಿ ಹಿಡಿದಿತ್ತು. 1955ರ ಸಿಟ್ರೊಯೆನ್ ಡಿಎಸ್ ಎಣ್ಣೆಯನ್ನೂ ಮುಚ್ಚಿದ ಗೋಳದೊಳಗಿನ ನೈಟ್ರೋಜನ್ನನ್ನೂ ಬಳಸಿತು. ಅದು ಬೇರೆಯೇ ಜಾತಿಯ ಸಸ್ಪೆನ್ಷನ್. ನಿಜವಾದ ಗಾಳಿ ಸ್ಪ್ರಿಂಗನ್ನು ಜರ್ಮನಿಯಲ್ಲಿ ಬೋರ್ಗ್‌ವರ್ಡ್ ಮೊದಲು ತಂದಿತು. 1961ರ ಮರ್ಸಿಡಿಸ್ 300 ಎಸ್ಇ ಮತ್ತು 1963ರ 600 ಅದನ್ನು ಮುಂದುವರಿಸಿದವು. ಚಾಲಕನನ್ನೂ ವರ್ಕ್‌ಶಾಪನ್ನೂ ಇಟ್ಟುಕೊಂಡು ಕಾರು ಓಡಿಸುವವರ ಬಳಿ ಇವು ಬಾಳಿದವು.

ಕಂಪ್ಯೂಟರ್ ಬಂದ ಮೇಲೆ ಅಮೆರಿಕ ಮತ್ತೆ ಧೈರ್ಯ ಮಾಡಿತು. 1984ರ ಲಿಂಕನ್ ಮಾರ್ಕ್ VIIರಲ್ಲಿ ಎತ್ತರವನ್ನು ಸೆನ್ಸರುಗಳು ಅಳೆದವು, ಸೊಲೆನಾಯ್ಡ್ ವಾಲ್ವುಗಳು ಗಾಳಿ ಹಂಚಿದವು, ಕಂಪ್ರೆಸರಿನ ಪಕ್ಕದಲ್ಲೇ ತೇವ ಹೀರುವ ಡ್ರೈಯರ್ ಕುಳಿತಿತು. ಹಳೆಯ ರೋಗಗಳಿಗೆ ಮದ್ದು ಸಿಕ್ಕಂತಾಗಿತ್ತು. ಸಿಗದೆ ಉಳಿದದ್ದು ರಬ್ಬರಿನ ವಯಸ್ಸಿಗೆ. ಹತ್ತು ವರ್ಷದ ಆಸುಪಾಸಿನಲ್ಲಿ ಚೀಲದ ಮಡಿಕೆಗಳಲ್ಲಿ ಬಿರುಕು ಏಳುತ್ತದೆ. ಸೋರಿಕೆ ಸಣ್ಣದಿದ್ದಾಗ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡಿ ಅದನ್ನು ತುಂಬಿಕೊಡುತ್ತಿರುತ್ತದೆ. ಹಾಗೆ ಓಡಿ ಓಡಿ ಬಿಸಿಯಾಗಿ ಒಂದು ದಿನ ಅದೂ ಸುಡುತ್ತದೆ. ಆಗ ಚೀಲ ಮತ್ತು ಕಂಪ್ರೆಸರ್ ಎರಡರ ಖರ್ಚೂ ಒಟ್ಟಿಗೆ ಬರುತ್ತದೆ. ಅಷ್ಟರಲ್ಲಿ ಕಾರು ಎರಡನೆಯ ಅಥವಾ ಮೂರನೆಯ ಮಾಲೀಕನ ಕೈಯಲ್ಲಿರುತ್ತದೆ. ಕಾರಿನ ಬೆಲೆ ಇಳಿದಿರುತ್ತದೆ, ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ. ಗಾಳಿ ಚೀಲದ ಬದಲು ಕಾಯಿಲ್ ಕೂರಿಸುವ ಕನ್ವರ್ಷನ್ ಕಿಟ್‌ಗಳ ವ್ಯಾಪಾರ ನಿಂತಿರುವುದು ಈ ಅಂತರದ ಮೇಲೆ.

ಕೆಲಸ ಅತಿ ಸುಲಭವಾದದ್ದು ಲಿಂಕನ್ ಟೌನ್ ಕಾರಿನಲ್ಲಿ. 1990ರಿಂದ ಅದರ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಗಾಳಿ ಚೀಲಗಳಿದ್ದವು. ಅದೇ ಚಾಸಿಯ ಮೇಲೆ ಕಟ್ಟಿದ ಫೋರ್ಡ್ ಕ್ರೌನ್ ವಿಕ್ಟೋರಿಯಾ ಹಿಂದೆಯೂ ಕಾಯಿಲ್ ಹೊತ್ತು ಬರುತ್ತಿತ್ತು. ಹೀಗಾಗಿ ಕಾರಖಾನೆಯ ಕಾಯಿಲುಗಳೇ ಚೀಲದ ಜಾಗಕ್ಕೆ ಹೊಂದಿಕೊಂಡವು. ದಿನವಿಡೀ ಬಾಡಿಗೆಗೆ ಓಡುವ ಲಿಮೊಸಿನ್ ಮಾಲೀಕರಿಗೆ ಇದು ದೊಡ್ಡ ಅನುಕೂಲವಾಯಿತು.

ರೇಂಜ್ ರೋವರಿನ ಕತೆ ಇನ್ನೂ ಸ್ವಾರಸ್ಯದ್ದು. 1970ರಲ್ಲಿ ಅದು ಹೆಸರು ಮಾಡಿದ್ದೇ ಮೆದುವಾದ, ಉದ್ದನೆಯ ಕಾಯಿಲ್ ಸ್ಪ್ರಿಂಗ್‌ಗಳಿಂದ. ಭಾರ ಹೇರಿದಾಗ ಹಿಂಭಾಗ ಕುಸಿಯದಂತೆ ತಡೆಯಲು ಬೋಗೆ ಕಂಪನಿಯ ಲೆವೆಲಿಂಗ್ ಸಾಧನವೊಂದನ್ನು ಮೊದಲಿನಿಂದಲೇ ಜೋಡಿಸಿದ್ದರು. 1990ರ ದಶಕದ ಆರಂಭದಲ್ಲಿ ಏರ್ ಸಸ್ಪೆನ್ಷನ್ ಬಂತು. 1994ರ ಎರಡನೆಯ ತಲೆಮಾರಿನ ರೇಂಜ್ ರೋವರುಗಳೆಲ್ಲ ಗಾಳಿಯ ಮೇಲೆಯೇ ನಿಂತವು. ಹತ್ತಲು ಅನುಕೂಲವಾಗುವಂತೆ ತಗ್ಗುವುದು, ಕಲ್ಲುದಾರಿಯಲ್ಲಿ ಎತ್ತರಿಸಿಕೊಳ್ಳುವುದು ಎರಡೂ ಅವಕ್ಕೆ ಬರುತ್ತಿತ್ತು. ಅವು ಹಳತಾದಂತೆ ಬ್ರಿಟನ್ನಿನ ಎಷ್ಟೋ ಮಾಲೀಕರು ಗಾಳಿಯನ್ನು ಬಿಟ್ಟು ಮೊದಲ ರೇಂಜ್ ರೋವರಿನ ಕಾಯಿಲಿಗೇ ಹಿಂದಿರುಗಿದರು.

1998ರ ಮರ್ಸಿಡಿಸ್ ಎಸ್ ಕ್ಲಾಸ್ ಮತ್ತು ಅದರ ನಂತರದ ಆಡಿ ಎ8ರಂಥ ಕಾರುಗಳಲ್ಲಿ ಕೆಲಸ ಜಟಿಲವಾಯಿತು. ಗಾಳಿ ಚೀಲ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಸ್ಟ್ರಟ್ಟಿನಲ್ಲಿ ಬೆಸೆದುಕೊಂಡಿದ್ದರಿಂದ ಎರಡನ್ನೂ ಸೇರಿಸಿಯೇ ಬದಲಿಸಬೇಕಾಯಿತು. ಗಾಳಿ ಇಲ್ಲವೆಂದು ಕಂಪ್ಯೂಟರ್ ಡ್ಯಾಶ್‌ಬೋರ್ಡಿನಲ್ಲಿ ದೂರುತ್ತಲೇ ಇರುತ್ತದೆ. ಆ ದೂರನ್ನು ಅಡಗಿಸಲು ಕಿಟ್ ಜೊತೆ ಎಲೆಕ್ಟ್ರಾನಿಕ್ ಮಾಡ್ಯೂಲೊಂದು ಬರತೊಡಗಿತು. ಕಾಯಿಲಿನ ಬಿಗುಪಿಗೂ ಶಾಕ್ ಅಬ್ಸಾರ್ಬರಿನ ಹಿಡಿತಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಕಾರು ಕುಣಿಯುತ್ತದೆ ಅಥವಾ ಕುಕ್ಕುತ್ತದೆ. ಅಳತೆ ತಪ್ಪಿದ ಕಾಯಿಲು ಮೂಗು ಎತ್ತಿ ನಿಲ್ಲಿಸಿ ಹೆಡ್‌ಲೈಟಿನ ದಿಕ್ಕನ್ನೂ ಕೆಡಿಸುತ್ತದೆ. ಒಳ್ಳೆಯ ಕಿಟ್ಟಿಗೂ ಕೆಟ್ಟ ಕಿಟ್ಟಿಗೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ, ಬೆಲೆಯಲ್ಲಿಲ್ಲ.

ಈ ಬದಲಾವಣೆಯಲ್ಲಿ ಕಳೆದುಕೊಳ್ಳುವುದೂ ಕಡಿಮೆಯಲ್ಲ. ಭಾರಕ್ಕೆ ತಕ್ಕಂತೆ ಎತ್ತರ ಕಾಯ್ದುಕೊಳ್ಳುವ ಗುಣ ಹೋಗುತ್ತದೆ, ವೇಗದಲ್ಲಿ ತಗ್ಗಿ ಗಾಳಿಯ ತಡೆ ಇಳಿಸುವ ಶಕ್ತಿ ಹೋಗುತ್ತದೆ. ಟ್ರೇಲರ್ ಎಳೆಯುವವನಿಗೂ ಗುಡ್ಡಗಾಡಿನಲ್ಲಿ ಓಡಿಸುವವನಿಗೂ ಅದು ದೊಡ್ಡ ನಷ್ಟ. ಊರೊಳಗೆ ಹಳೆ ಕಾರು ಓಡಿಸುವವನಿಗೆ ಬೆಳಗ್ಗೆ ಕಾರು ನೆಟ್ಟಗೆ ನಿಂತಿರುವುದೇ ಮುಖ್ಯ. ನಡುವಿನ ದಾರಿಯೂ ಇದೆ. 1989ರಲ್ಲಿ ಶುರುವಾದ ಅಮೆರಿಕದ ಆರ್ನಾಟ್‌ನಂಥ ಕಂಪನಿಗಳು ಕಾಯಿಲ್ ಕಿಟ್‌ಗಳ ಜೊತೆಗೆ, ಹಳೆ ಸ್ಟ್ರಟ್ಟಿಗೆ ಹೊಸ ರಬ್ಬರ್ ಕೂರಿಸಿ ಮೂಲ ಕಂಪನಿಯದಕ್ಕಿಂತ ಕಡಿಮೆ ಬೆಲೆಗೆ ಮಾರುತ್ತವೆ. ಗಾಳಿಯ ಹಿತ ಬೇಕೆನ್ನುವವರು ಇದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಕಾರುಗಳಲ್ಲಿ ಹೀಗೆ ಬಂದು ಹೋಗುತ್ತಿರುವ ಗಾಳಿ ಸ್ಪ್ರಿಂಗ್ ಬಸ್ಸುಗಳಲ್ಲಿ ಮಾತ್ರ ಕದಲಿಲ್ಲ. ಕರ್ನಾಟಕದ ಪ್ರಯಾಣಿಕರಿಗೆ ಅದರ ಪರಿಚಯವಾದದ್ದೂ ಹೆಚ್ಚಾಗಿ ಬಸ್ಸಿನಿಂದಲೇ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ವೋಲ್ವೊ 2001ರಿಂದ ಬಸ್ಸು ಕಟ್ಟತೊಡಗಿತು. ಕೆಎಸ್‌ಆರ್‌ಟಿಸಿಯ ಐರಾವತ, ಬಿಎಂಟಿಸಿಯ ವಜ್ರ ಬಸ್ಸುಗಳಾಗಿ ಓಡಿದ ಆ ವೋಲ್ವೊಗಳು ರಬ್ಬರ್ ಬೆಲೋಗಳ ಮೇಲೆ ನಿಂತಿದ್ದವು. ಟೈರಿನ ಹಾಗೆ ಬೆಲೋ ಕೂಡ ಸವೆಯುವ ಭಾಗ ಎಂದು ಬಸ್ಸಿನವರು ಮೊದಲೇ ಲೆಕ್ಕ ಹಾಕಿಕೊಂಡಿರುತ್ತಾರೆ. ಹಾಗಾಗಿ ಅದು ಹರಿದಾಗ ಬೆಲೋ ಬದಲಾಗುತ್ತದೆಯೇ ಹೊರತು ಸಸ್ಪೆನ್ಷನ್ ಬದಲಾಗುವುದಿಲ್ಲ.